ರೋಗಿಯ ಪಾತ್ರ

ಹಲ್ಲುನೋವಿಗೆಂದು ಆಸ್ಪತ್ರೆಗೆ ಬಂದಿದ್ದ ದರ್ಜಿಯ ಗ್ರಹಚಾರಕ್ಕೆ, ಬೆಂಚಿನಲ್ಲಿ ಇಬ್ಬರು ಹೆಂಗಸರ ನಡುವೆಯೇ ಜಾಗ ಸಿಕ್ಕಿತು. ಒಂದು ಕಡೆ ಕೆನ್ನೆ ಊದಿದ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿ, ಇನ್ನೊಂದು ಕಡೆ ಮುಖಕ್ಕೆ ಶಾಲು ಸುತ್ತಿಕೊಂಡ ಟೀಚರು. ನಡುವೆ ಒಬ್ಬ ಮನುಷ್ಯ ಕೂತಿದ್ದಾನೆಂಬ ಪರಿವೆಯೇ ಇಲ್ಲದೆ ಇಬ್ಬರೂ ಮಾತಿಗಿಳಿದರು.

“ಮಿಸ್, ನಿಮಗೂ ಮಂಗನಬಾವಾ?”

“ಹೂಂ ಕಣ್ರೀ. ಶಾಲೇಲಿ ಅರ್ಧಕ್ಕರ್ಧ ಜನಕ್ಕೆ ಬಂದಿದೆ.”

“ಇವನ ಅಕ್ಕನಿಗೆ ಕೆನ್ನೆ ಊದಿದೆ, ಶಾಲೆಗೆ ಕಳಿಸಲ್ಲ ಅಂತ ನಾನು ಅವತ್ತೇ ಬಡ್ಕೊಂಡೆ. ಒಂದೇ ಒಂದು ಗಂಟೆ ಕಳಿಸಿ ಅಂತ ನೀವೇ ಗೋಗರೆದ್ರಿ.”

“ಏನ್ ಮಾಡ್ಲಿ? ಅಂಟುರೋಗ ಬಂದ್ರೆ ಏನು ಮಾಡ್ಬೇಕು ಅಂತ ಡ್ರಿಲ್ಲು. ನೋಡೋಕೆ ದೊಡ್ಡ ಸಾಹೇಬ್ರು ಬಂದಿದ್ರು. ರೋಗಿ ಪಾತ್ರ ಅವಳೊಬ್ಬಳಿಗೇ ಬಾಯಿಪಾಠ ಆಗಿದ್ದು.”

“ಸಾಹೇಬ್ರಿಗೂ ಗೊತ್ತಾಗ್ಲಿಲ್ವಾ?”

“ಮೇಕಪ್ ಎಷ್ಟು ಚೆನ್ನಾಗಿದೆ ಅಂತ ಕೆನ್ನೆ ಹಿಂಡಿದ್ರು. ನಮ್ಮ ಶಾಲೆಗೇ ಮೊದಲನೇ ಬಹುಮಾನ!”

“ಕೊಡೋದು ಯಾವಾಗ?”

“ನಾಳೆ ಇತ್ತು, ಮುಂದಕ್ಕೆ ಹಾಕಿದ್ದಾರೆ. ಸಾಹೇಬ್ರ ಕೆನ್ನೇನೂ ಊದಿದೆಯಂತೆ.”

ಒಳಗಿನಿಂದ ಕರೆ ಬಂತು. ನೀವು ಮೊದಲು, ಇಲ್ಲ ನೀವು ಎಂದು ಉಪಚಾರ ಮಾಡಿಕೊಳ್ಳುತ್ತ ಇಬ್ಬರೂ ಎದ್ದು ಹೋದರು. ದರ್ಜಿ ನೋವಿಲ್ಲದ ಕಡೆಯ ಕೆನ್ನೆಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ.