ಗಡ್ಡೆಗೆ ಗಾಳಿ ಸಿಗಬಾರದು

ಬಾಡಿಗೆಗೆ ತಂದಿದ್ದ ಆಕ್ಸಿಜನ್ ಸಿಲಿಂಡರ್ ನಮ್ಮ ಮನೆಗೆ ಇನ್ನು ಬೇಕಿರಲಿಲ್ಲ. ಅದನ್ನು ಹಿಂತಿರುಗಿಸಲು ಆಸ್ಪತ್ರೆಯಲ್ಲಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಣ್ಣ ತಂಗಿ ಜಗಳವಾಡುತ್ತಿದ್ದರು. ಅವರ ತಾಯಿ ಒಳಗಿದ್ದರು.

“ಅಮ್ಮನ ಮೂಗಿನ ಆಕ್ಸಿಜನ್ ನಳಿಕೆ ಯಾಕಣ್ಣ ತೆಗ್ದೆ?” ಎಂದಳು ತಂಗಿ.

“ಕ್ಯಾನ್ಸರ್ ಗಡ್ಡೆಗೆ ಗಾಳಿ ಸಿಗ್ಬಾರ್ದು ಅಂತ. ಉಸಿರು ಕಟ್ಟಿದ್ರೆ ಸಾಯತ್ತೆ ಅಂತ ನೀನೇ ಹೇಳಿದ್ದೆ.”

“ಒಳ್ಳೇ ಜೀವಕೋಶ ಸಾಯತ್ತೆ ಅಂದಿದ್ದೆ! ಅದರೊಳಗೆ ಕಾವಲಿಗೆ ಒಂದು ಪ್ರೋಟೀನ್ ಇರತ್ತೆ. ಆಕ್ಸಿಜನ್ ತೀರಾ ಕಮ್ಮಿಯಾದ್ರೆ, ಕೆಟ್ಟು ಬೆಳೀಬೇಡ, ಸಾಯಿ ಅನ್ನತ್ತೆ. ಅಮ್ಮನ ಗಡ್ಡೇಲಿ ಆ ಕಾವಲೇ ಕೆಟ್ಟಿದೆ. ಗಾಳಿ ಕಮ್ಮಿಯಾದ್ರೂ ಅದು ಬದುಕತ್ತೆ, ಇನ್ನೂ ಮೊಂಡು ಬೀಳತ್ತೆ.”

“ಇದನ್ನ ಫೋನಲ್ಲಿ ಹೇಳ್ಲಿಲ್ಲ.”

“ಹೇಳ್ದೆ. ನೀನು ‘ಸರಿ ಸರಿ’ ಅಂತ ಫೋನ್ ಇಟ್ಟೆ.”

“ಲ್ಯಾಬಲ್ಲಿ ಕೂತು ಪಾಠ ಹೇಳೋಳು ನೀನು. ಅಮ್ಮನ ಹತ್ರ ಕಾವಲು ಕೂತೋನು ನಾನು!”

“ಹೌದು, ಬೇಲೀನೇ ಎದ್ದು ಹೊಲ ಮೇಯ್ತು. ನೀನು ಉಸಿರು ಕಟ್ಟಿಸಿದ್ದು ಗಡ್ಡೇದಲ್ಲ ಕಣೋ, ಅಮ್ಮಂದು.”



ನರ್ಸ್ ಬಾಗಿಲು ತೆರೆದರು. “ಉಸಿರು ಸ್ವಲ್ಪ ಸರಿಯಾಗಿದೆ. ಮಗ ಎಲ್ಲಿ ಅಂತ ಕೇಳ್ತಿದ್ದಾರೆ.”

“ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಇರೋ ಮುಖಾನೇ ಇಟ್ಕೊಂಡು ನಡಿ. ಕೈ ಮಾತ್ರ ಜೇಬಲ್ಲಿರ್ಲಿ,” ಎಂದಳು ತಂಗಿ.

ಅವನು ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಅವಳ ಹಿಂದೆ ಒಳಗೆ ಹೋದ.