ಚಕ್ರದ ಮ್ಯಾಲಿನ ಎರಡನೇ ಗೀಟು

ಅಲ್ಲ, ಚಷ್ಮಾ ಹಾಕ್ಕೊಂಡ್ರ ಗೆಳತ್ಯಾರು ನಗ್ತಾರಂತ ಅಳಾಕತ್ತೀಯಲ್ಲ, ನಿಮ್ಮಜ್ಜನ ರಕ್ತನ ಬಿಡು ನಿಂದು. ಬಾ, ಕುಂದ್ರು. ದನಿ ಸಣ್ಣ ಮಾಡು, ಅವರು ಒಳಗ ಮಲಗ್ಯಾರ.

ಆಗ ನಿಮ್ಮವ್ವಗ ಎರಡು ವರ್ಷ, ಇಲ್ಲ ಇಲ್ಲ, ಮೂರು. ಇದ ದಿಲ್‌ಸುಖ್‌ನಗರದಾಗ ತಗಡಿನ ಮನಿ. ಸ್ಕೂಟರ್ ಗ್ಯಾರೇಜಿನವನ ಜೋಡಿ ಜಗಳಾಡಿ ನಿಮ್ಮಜ್ಜ ಕೆಲಸ ಬಿಟ್ಟು ಬಂದಿದ್ರು. ಮನ್ಯಾಗ ಜ್ವಾಳದ ಹಿಟ್ಟಿಗೂ ತತ್ವಾರ, ಆದ್ರ ಅವರ ಮೀಸಿಗೆ ಎಣ್ಣಿ ತಪ್ಪಲಿಲ್ಲ. "ಇನ್ನೊಂದು ವಾರ ನೋಡೂಣು, ಇಲ್ಲಾಂದ್ರ ಗಂಟು ಕಟ್ಟು, ಸೇಡಂಗೆ ನಿಮ್ಮಣ್ಣನ ಮನಿಗೆ ಹೋಗೂಣು" ಅಂದ್ರು. ಅಣ್ಣ ಒಳ್ಳೆಯಾವ, ಆದ್ರ ವೈನಿ ರೊಟ್ಟಿ ಎಣಿಸಿ ಹಾಕಾಕಿ.

ಅಂಥಾದ್ರಾಗ ಮನಿ ಹತ್ತರದ ಕೆರ್ಯಾಗ ದೋಣಿ ನಡಸೂ ನರ್ಸಿಂಗಣ್ಣ ಒಂದು ದೋಣಿ ಮೋಟಾರ್ ಬಿಚ್ಚಿ ಗೋಣಿಚೀಲದಾಗ ತುಂಬಿ ತಂದ. "ಇದನ್ನ ಎಬ್ಬಿಸು ಉಸ್ತಾದ್, ನನ್ನ ಮೂರೂ ದೋಣಿ ಕೆಲಸ ನಿಂದ" ಅಂದ. ನಿಮ್ಮಜ್ಜ ಸ್ಕೂಟರ್ ಬಿಟ್ರ ಬ್ಯಾರೆ ಮುಟ್ಟಿದವರಲ್ಲ. "ಎರಡೂ ಪೆಟ್ರೋಲನ ಕುಡೀತಾವಲ್ಲ" ಅಂತ ಶುರು ಮಾಡಿದ್ರು. ಮೋಟಾರಿನ ತಲಿ ಮ್ಯಾಲ ಒಂದು ದೊಡ್ಡ ಚಕ್ರ ಇರತೈತಿ, ತುಕ್ಕು ಹಿಡಿದಿತ್ತು, ಅದು ನನ್ನ ಪಾಲಿಗೆ ಬಂತು. ಬೂದಿ ಹಾಕಿ ಹಬ್ಬದ ತಂಬಗಿ ಬೆಳಗಿದಂಗ ಬೆಳಗಿದೆ. ಒಂದು ಕಡೆ ತುಕ್ಕು ಜಗ್ಗಲಿಲ್ಲ, ಚಾಕು ತಗೊಂಡು ಕೆರೆದೆ.

ಆಮ್ಯಾಲ ಟೈಮಿಂಗ್. ಕಿಡಿ ಯಾವಾಗ ಬೀಳಬೇಕಂತ ಆ ಚಕ್ರದ ಮ್ಯಾಲ ಕಂಪನ್ಯಾವ್ರು ಒಂದು ಗೀಟು ಹಾಕಿರ್ತಾರ, ಅದರ ಎದುರಿಗೆ ಮೋಟಾರಿನ ಮೈಮ್ಯಾಲ ಇನ್ನೊಂದು. ಕಿಡಿ ಹುಟ್ಟಿಸೂ ಪಾಯಿಂಟಿನ ಸಂದಿನಾಗ ಸಿಗರೇಟಿನ ತೆಳು ಹಾಳಿ ಸಿಗಿಸಿ ಚಕ್ರ ತಿರುಗಿಸಬೇಕು, ಗೀಟಿಗೆ ಗೀಟು ಕೂಡಿದಾಗನ ಹಾಳಿ ಸಡಿಲಾಗಿ ಕೈಗೆ ಬರಬೇಕು. ಅವರಿಗೆ ಗೀಟು ಕಾಣಬೇಕಲ್ಲ? ಮಂದಿ ನಗ್ತಾರಂತ ಅವರ ಚಷ್ಮಾ ಯಾವಾಗ್ಲೂ ಟ್ರಂಕಿನಾಗ. "ಮೆಕ್ಯಾನಿಕ್ಕಿಗೆ ಕಣ್ಣು ಬೆರಳಿನಾಗ ಇರ್ತಾವ" ಅಂದು, ಉಗುರಿಲೆ ತಡವಿ, ಸಿಕ್ಕ ಗೀಟಿಗೆ ಕೂಡಿಸಿಬಿಟ್ರು.

ಕೆರಿ ದಂಡಿಗೆ ನಾನೂ ಹೋಗಿದ್ದೆ, ಬಗಲಾಗ ನಿಮ್ಮವ್ವ. ನರ್ಸಿಂಗಣ್ಣ ದೋಣಿ ಮುಂದಿನ ತುದಿಗೆ ಸೊಂಟದ ಮ್ಯಾಲ ಕೈ ಇಟ್ಟು ಸಾಹೇಬನಂಗ ನಿಂತ. ನಿಮ್ಮಜ್ಜ ಮೋಟಾರ್ ದೋಣಿ ಹಿಂದ ಕೂಡಿಸಿ ಅದರ ಹಗ್ಗ ಜಗ್ಗಿದ್ರು. ಮೊದಲನೇ ಸಲ ಮೋಟಾರೇ ತಿರುಗಿ ಇವರ ಕೈ ಜಗ್ಗಿತು. ಎರಡನೇ ಸಲ ಸುರುವಾತು. ಮುಂದಿನ ಗೇರ್ ಹಾಕಿದ್ರ ದೋಣಿ ಭರ್ರಂತ ಹಿಂದಕ್ಕ ಹೊಂಟಿತು, ನರ್ಸಿಂಗಣ್ಣ ಮುಂದ ಮಕಾಡೆ ನೀರಿಗೆ ಬಿದ್ದ. ಕಿಡಿ ಭಾಳ ಲಗೂ ಬಿದ್ರ ಇಂಥ ಮೋಟಾರ್ ಉಲ್ಟಾ ತಿರುಗತೈತಂತ, ನಮಗೇನು ಗೊತ್ತು. ಅವ ಎದ್ದು ನಿಂತು, "ಪೀಛೆ ಕಾಯ್ಕು ಗಯಾ ರೇ? ಹಿಂದಕ್ಕ ಯಾಕ ಹೋತು? ಕಟ್ಟು ಚೀಲ, ಬ್ಯಾರೇದವನಿಗೆ ಕೊಡ್ತೀನಿ" ಅಂದ.

ನನಗ ವೈನಿ ರೊಟ್ಟಿ ಬುಟ್ಟಿನ ಕಣ್ಣಮುಂದ ಬಂತು. ಕೂಸಿನ್ನ ಇಳಿಸಿ ಹೋಗಿ ಬಗ್ಗಿ ನೋಡಿದೆ. ಚಕ್ರದ ಮ್ಯಾಲ ಎರಡು ಗೀಟು. ಒಂದು ನೆಟ್ಟಗ, ಕಂಪನೀದು. ಇನ್ನೊಂದು ಸೊಟ್ಟ, ನನ್ನ ಚಾಕೂಂದು. ಅವರಿಗೆ ಗೊತ್ತಾಗದಂಗ ಬುತ್ತಿ ಚೀಲದಾಗ ತಂದಿದ್ದ ಅವರ ಚಷ್ಮಾ ತಗದೆ. "ತಪ್ಪು ಗೀಟು ಹಿಡದೀರಿ, ಹಾಕ್ಕೋರಿ."

"ಮಂದಿ ಮುಂದ ನನ್ನ ಮಾನ ಕಳೀಬ್ಯಾಡ."

"ಮಾನ ಆಗಲೇ ನೀರಿಗೆ ಬಿದ್ದೈತ್ರೀ, ಅಕಾ ಅಲ್ಲಿ ನೋಡ್ರಿ, ಲುಂಗಿ ಹಿಂಡಾಕತ್ತೈತಿ."

ಹಾಕ್ಕೊಂಡ್ರು. ಮತ್ತ ಹಾಳಿ, ಮತ್ತ ಗೀಟು. ಈ ಸಲ ದೋಣಿ ಮುಂದಕ್ಕ ಹೋತು, ಆ ಕೆಲಸದ ಮ್ಯಾಲನ ನಾವು ಈ ಊರಾಗ ಉಳದ್ವಿ. "ಆ ಎರಡನೇ ಗೀಟು ಎಲ್ಲಿಂದ ಬಂತು?" ಅಂತ ಅವರು ಇವತ್ತಿಗೂ ಕೇಳ್ತಾರ. "ಕಂಪನ್ಯಾವ ಕುಡದು ಹಾಕಿರಬೇಕು" ಅಂತೀನಿ. ನಂಬ್ಯಾರ. ಅದಕ್ಕ ಹೇಳಾಕತ್ತೀನಿ, ಚಷ್ಮಾ ಹಾಕ್ಕೋ. ಇಲ್ಲಾಂದ್ರ ಮನ್ಯಾವ್ರು ಹೇಳಿದ್ದ ಖರೆ ಅಂತ ಜಲ್ಮ ಪೂರ್ತಿ ನಂಬಬೇಕಾಗತೈತಿ.