ನವಾಜ ಹಚ್ಚಿದ ಫೋನು

“ಡಬ್ಬಿ ನಿಮ್ಮದರಿ, ಆದ್ರ ವೈರಸ್ ಬಂದ್ರ ಗಿರಾಕಿ ಬೈಯೋದು ನನಗ.”

ರೋಣ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಕಂಪ್ಯೂಟರ್ ಅಂಗಡಿಯ ನವಾಜ, ಆಂಟಿವೈರಸ್ ಕಂಪನಿಯ ಶಶಿಕಾಂತನಿಗೆ ಹೇಳುತ್ತಿದ್ದ. ಡಬ್ಬಿ ಇಬ್ಬರ ನಡುವೆ ಬೆಂಚಿನ ಮೇಲಿತ್ತು.

“ಬೈದ್ರ ನನಗ ಫೋನ್ ಹಚ್ರಿ, ನವಾಜಭಾಯ್.”

“ಹಿಂದಿನ ಕಂಪನಿಯವ್ರೂ ಹಿಂಗ ಅಂದಿದ್ರು. ಹಚ್ಚಿದ್ರ, ಹಿಂದಿಗೆ ಒಂದ್ ಒತ್ರಿ, ಇಂಗ್ಲಿಷಿಗೆ ಎರಡ್ ಒತ್ರಿ ಅಂತಿತ್ತು. ಕಂಪ್ಯೂಟರಿಗೆ ವೈರಸ್ ಬಂದಿದ್ದ ಹತ್ತಿ ವ್ಯಾಪಾರಿ ಗುರುಸಂಗಪ್ಪನವ್ರು ಆವತ್ತಿಂದ ನನ್ನ ಅಂಗಡಿ ಕಡೆ ಹಾಯ್ದಿಲ್ಲ.”

“ನಿಮಗ ಕೊಟ್ಟಿದ್ದು ನನ್ನ ಸ್ವಂತ ನಂಬರ್ರಿ. ಏನೂ ಒತ್ತೂದು ಬ್ಯಾಡ, ನಾನ ಎತ್ತತೀನಿ. ಮೊದಲ ಅವರ ಕಂಪ್ಯೂಟರಿಗೇ ಹಾಕ್ರಿ.”

“ನೋಡೂಣು. ನಿಮ್ಮ ಬಸ್ ಬಂತು, ಹತ್ರಿ.”

ಗದಗಿನ ಬಸ್ಸು ನಿಲ್ದಾಣ ದಾಟುವ ಮೊದಲೇ ನವಾಜ ಆ ನಂಬರಿಗೆ ಫೋನ್ ಹಚ್ಚಿದ. ಕಿಟಕಿಯಿಂದ ಒಂದು ಕೈ ಹೊರಬಂದು ಬೀಸಿತು.

“ಹೇಳ್ರಿ ನವಾಜಭಾಯ್,” ಎಂದದ್ದು ನನಗೂ ಕೇಳಿಸಿತು.

“ಏನಿಲ್ಲ, ಆರಾಮ ಹೋಗ್ರಿ.”

ಫೋನನ್ನು ಕಿಸೆಗಿಟ್ಟು, ಡಬ್ಬಿಯನ್ನು ಬಗಲಲ್ಲಿ ಇರುಕಿಕೊಂಡು, ನವಾಜ ಹತ್ತಿ ಅಂಗಡಿಗಳ ಓಣಿಯತ್ತ ನಡೆದ.